"ರಕ್ತ ಕಮ್ಮಿ ಅದ" ಅಂದ್ರೆ, ಯಾಕೆ ಕಮ್ಮಿ ಅಂತ ಕೇಳಿ

ನನಗೆ 16 ವರ್ಷ ಇದ್ದಾಗ ಹಿಮೋಗ್ಲೋಬಿನ್ 8.1 ಇತ್ತು. ನಮ್ಮೂರು ಆಳಂದ ತಾಲೂಕಿನಲ್ಲಿದೆ. "ರಕ್ತ ಕಮ್ಮಿ ಅದವ್ವಾ, ಹೆಣ್ಮಕ್ಕಳಿಗೆ ಇದು ಇದ್ದದ್ದೇ" ಅಂತ ಹೇಳಿ ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಕುಡಿದೆ. ಮೂರು ತಿಂಗಳಿಗೆ 9.5 ಆಯಿತು. ಬಾಟಲಿ ಮುಗಿದ ಮೇಲೆ ಮತ್ತೆ ಎಂಟಕ್ಕೆ ಇಳಿಯಿತು. ಹೀಗೇ ನಾಲ್ಕು ವರ್ಷ ನಡೆಯಿತು.

ಅದೇ ಮನೆಯಲ್ಲಿ ನನ್ನ ತಮ್ಮನಿಗೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟು ಕಾಯಿಲೆ, ಇದೆ ಅಂತ ಆಗಲೇ ಗೊತ್ತಿತ್ತು. ಅವನ ಮೊಣಕಾಲು ಊದಿದಾಗೆಲ್ಲ ಅವ್ವ ಅವನನ್ನು ಎತ್ತಿಕೊಂಡು ಕಲಬುರಗಿಯ ಬಸ್ಸು ಹತ್ತುತ್ತಿದ್ದಳು. ನನಗೆ ಪ್ರತಿ ತಿಂಗಳೂ ಒಂಬತ್ತು ದಿನ ಮುಟ್ಟು ನಿಲ್ಲುತ್ತಿರಲಿಲ್ಲ. ಈ ಎರಡಕ್ಕೂ ಸಂಬಂಧ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಒಮ್ಮೆ ತಮ್ಮನ ಜೊತೆ ಆಸ್ಪತ್ರೆಗೆ ಹೋಗಿದ್ದಾಗ ಅಲ್ಲಿದ್ದ ಡಾಕ್ಟರಮ್ಮ ನನ್ನ ಬಿಳಚಿದ ಮುಖ ನೋಡಿ, "ನಿನ್ನ ಮುಟ್ಟು ಹ್ಯಾಂಗ್ ಅದವ್ವಾ?" ಅಂತ ಕೇಳಿದರು. ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಪರೀಕ್ಷೆ ಮಾಡಿಸಿದರೆ ನನ್ನ ಫ್ಯಾಕ್ಟರ್ 8 (ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್) ಶೇ. 27 ಇತ್ತು. ಆರೋಗ್ಯವಂತರಲ್ಲಿ ಅದು 50ರಿಂದ 150ರವರೆಗೆ ಇರುತ್ತದೆ.

"ರಕ್ತ ಕಮ್ಮಿ" ಅನ್ನುವುದು ಜ್ವರ ಅಂದ ಹಾಗೆ. ಅದು ಕಾಯಿಲೆಯ ಹೆಸರಲ್ಲ, ಲಕ್ಷಣ. ಒಳಗೆ ಏನೋ ನಡೆದಿದೆ ಅಂತ ಅದು ಹೇಳುತ್ತದೆ. ಏನು ಅಂತ ಹುಡುಕುವುದು ಹೇಗೆ, ರಕ್ತ ಹೆಪ್ಪುಗಟ್ಟದ ಕಾಯಿಲೆ ಮನೆಯಲ್ಲಿದ್ದರೆ ಏನು ಮಾಡಬೇಕು ಅಂತ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಆಸ್ಪತ್ರೆಗೆ ಹೋಗುವ ಮೊದಲು ಒಂದು ಹಾಳೆ ಬರೆಯಿರಿ

ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ಡಾಕ್ಟರ ಮುಂದೆ ನಿಮಗೆ ಸಿಗುವುದು ಕೆಲವೇ ನಿಮಿಷ. ಆ ಗದ್ದಲದಲ್ಲಿ ಅರ್ಧ ಮಾತು ಮರೆತುಹೋಗುತ್ತದೆ. ಆದ್ದರಿಂದ ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಳ್ಳಿ. ಆಯಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆತನದ ಹಳೆಯ ಸಂಗತಿಗಳು ಅವರಿಗೇ ಗೊತ್ತಿರುತ್ತವೆ.

ಮೊದಲು ರಕ್ತ ಹೋದ ಸಂಗತಿಗಳನ್ನು ಬರೆಯಿರಿ. ಮಗುವಿನ ಹೊಕ್ಕುಳ ಬಳ್ಳಿ ಬೀಳುವಾಗ ರಕ್ತ ಬಂತಾ? ಕಿವಿ ಚುಚ್ಚಿಸಿದಾಗ, ಹಲ್ಲು ಕೀಳಿಸಿದಾಗ, ಖತ್ನಾ ಮಾಡಿಸಿದಾಗ ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕಾಯಿತು? ಲಸಿಕೆ ಹಾಕಿಸಿದ ತೊಡೆ ಗಟ್ಟಿಯಾಗಿ ಊದಿತ್ತಾ? ಮಗು ಅಂಬೆಗಾಲಿಡುವಾಗ ಮೈಮೇಲೆ ನೀಲಿ ಗುರುತು, ಗಂಟು ಜಾಸ್ತಿ ಆಗುತ್ತಿದ್ದವಾ? ಮೂಗಿನಿಂದ ರಕ್ತ ಬಂದರೆ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲುವುದಿಲ್ಲವಾ? ಪೆಟ್ಟು ಬೀಳದೆ ಮೊಣಕಾಲು, ಮೊಣಕೈ, ಪಾದದ ಕೀಲು ಊದುತ್ತವಾ?

ಹೆಣ್ಣುಮಕ್ಕಳು ಇನ್ನೂ ನಾಲ್ಕು ಮಾತು ಸೇರಿಸಬೇಕು. ಮುಟ್ಟು ಏಳು ದಿನಕ್ಕಿಂತ ಜಾಸ್ತಿ ಇರುತ್ತದಾ? ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತದಾ? ದೊಡ್ಡ ಗಡ್ಡೆಗಳು ಬೀಳುತ್ತವಾ? ಹೆರಿಗೆ ಆದ ಮೇಲೆ ರಕ್ತ ಹಾಕಿಸಬೇಕಾಗಿ ಬಂದಿತ್ತಾ? ನಾಚಿಕೆ ಬೇಡ. ನಾನು ನಾಚಿಕೊಂಡು ನಾಲ್ಕು ವರ್ಷ ಕಳೆದುಕೊಂಡೆ.

ಆಮೇಲೆ ಮನೆತನದ ಗಿಡ ಬರೆಯಿರಿ. ಅವ್ವ, ಅಪ್ಪ, ಎರಡೂ ಕಡೆಯ ಮುತ್ಯಾ, ಆಯಿ, ಮಾವಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರ ಗಂಡುಮಕ್ಕಳು. ಸಣ್ಣ ವಯಸ್ಸಿನಲ್ಲೇ ರಕ್ತ ಸೋರಿ ಸತ್ತವರು, ಪದೇ ಪದೇ ರಕ್ತ ಹಾಕಿಸಿಕೊಂಡವರು, ಕುಂಟುತ್ತಿದ್ದವರು ಯಾರಾದರೂ ಇದ್ದರಾ? ನಮ್ಮ ಮನೆಯಲ್ಲಿ ಅವ್ವನ ಅಣ್ಣ ಒಬ್ಬರು ಏಳು ವರ್ಷಕ್ಕೇ ತೀರಿಕೊಂಡಿದ್ದರು. "ಮರದಿಂದ ಬಿದ್ದ" ಅಂತಷ್ಟೇ ಹೇಳುತ್ತಿದ್ದರು. ಬಿದ್ದದ್ದು ಸಣ್ಣ ಟೊಂಗೆಯಿಂದ, ತಲೆಯಲ್ಲಿ ರಕ್ತ ನಿಲ್ಲಲಿಲ್ಲ ಅನ್ನುವುದು ಈ ಹಾಳೆ ಬರೆಯುವಾಗ ಹೊರಗೆ ಬಂತು.

ಒಂದು ವಿಷಯ ನೆನಪಿಡಿ. ಹಿಮೋಫಿಲಿಯಾ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆಯಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ. "ನಮ್ಮ ಖಾಂದಾನದಾಗ ಯಾರಿಗೂ ಇಲ್ರಿ" ಅಂತ ಹೇಳಿ ಬಿಟ್ಟುಬಿಡಬೇಡಿ.

ಹೆಜ್ಜೆ 2: ಸಿಬಿಸಿ ವರದಿಯನ್ನು ನೀವೇ ಓದಿ

ಬೆರಳು ಚುಚ್ಚಿ ನೋಡುವ ಹಿಮೋಗ್ಲೋಬಿನ್ ಶಿಬಿರಕ್ಕೆ ಸಾಕು. ಕಾರಣ ಹುಡುಕಬೇಕಾದರೆ ಪೂರ್ತಿ ಸಿಬಿಸಿ, ಅಂದರೆ ರಕ್ತಕಣಗಳನ್ನೆಲ್ಲ ಎಣಿಸುವ ಪರೀಕ್ಷೆ, ಬೇಕು. ಅದರಲ್ಲಿ ನಾಲ್ಕು ಸಂಖ್ಯೆ ನೋಡಿ.

ಮೊದಲನೆಯದು ಹಿಮೋಗ್ಲೋಬಿನ್. ಗಂಡಸರಲ್ಲಿ 13ಕ್ಕಿಂತ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಿಗೂ ಈ ಗೆರೆ ಸುಮಾರು 11. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಇಷ್ಟು ಜನರಿಗೆ ಇರುವುದರಿಂದಲೇ ನಾವು ಅದನ್ನು ಮಾಮೂಲು ಅಂದುಕೊಂಡುಬಿಡುತ್ತೇವೆ.

ಎರಡನೆಯದು ಎಂಸಿವಿ, ಅಂದರೆ ಕೆಂಪು ರಕ್ತಕಣದ ಗಾತ್ರ. ದೊಡ್ಡವರಲ್ಲಿ 80ರಿಂದ 100 ಇರಬೇಕು. 80ಕ್ಕಿಂತ ಕಡಿಮೆ ಇದ್ದರೆ ಕಣಗಳು ಸಣ್ಣವು ಅಂತ ಅರ್ಥ. ಆಗ ಕಬ್ಬಿಣದ ಕೊರತೆ ಇರಬಹುದು, ಇಲ್ಲವೇ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ) ಇರಬಹುದು. 100ಕ್ಕಿಂತ ಜಾಸ್ತಿ ಇದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯನ್ನು ಮೊದಲು ನೋಡುತ್ತಾರೆ.

ಮೂರನೆಯದು ಆರ್‌ಬಿಸಿ ಕೌಂಟ್. ಇದು ಕೆಂಪು ರಕ್ತಕಣಗಳ ಎಣಿಕೆ. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಎಂಸಿವಿಯನ್ನು ಆರ್‌ಬಿಸಿ ಕೌಂಟಿನಿಂದ ಭಾಗಿಸಿ. ಎಂಸಿವಿ 62, ಆರ್‌ಬಿಸಿ 5.6 ಇದ್ದರೆ ಉತ್ತರ 11. ಎಂಸಿವಿ 68, ಆರ್‌ಬಿಸಿ 3.9 ಇದ್ದರೆ 17. ಉತ್ತರ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಮೈನರ್ (ದೋಷ ಹೊತ್ತಿದ್ದರೂ ದೊಡ್ಡ ಕಾಯಿಲೆ ಇಲ್ಲದ ಸ್ಥಿತಿ) ಇರುವ ಸಾಧ್ಯತೆ ಜಾಸ್ತಿ. 13ಕ್ಕಿಂತ ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಇದು ಬರೀ ಸುಳಿವು, ಇದರ ಮೇಲೇ ತೀರ್ಮಾನ ಮಾಡಬಾರದು. ಆದರೆ ಮುಂದೆ ಯಾವ ಪರೀಕ್ಷೆ ಕೇಳಬೇಕು ಅಂತ ಇದರಿಂದ ಗೊತ್ತಾಗುತ್ತದೆ.

ನಾಲ್ಕನೆಯದು ಪ್ಲೇಟ್‌ಲೆಟ್. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಡೆಂಗಿ ಬಂದಾಗಿನಿಂದ ಇದು ಎಲ್ಲರಿಗೂ ಗೊತ್ತು. ಹಿಮೋಫಿಲಿಯಾದಲ್ಲಿ ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ. "ಪ್ಲೇಟ್‌ಲೆಟ್ ಚಲೋ ಅದ, ಏನೂ ಆಗಂಗಿಲ್ಲ" ಅಂತ ಮನೆಗೆ ಕಳಿಸಿದರೂ ರಕ್ತ ನಿಲ್ಲದ ಕಾಯಿಲೆ ಇರಬಹುದು.

ಹೆಜ್ಜೆ 3: ಕಬ್ಬಿಣದ ಗುಳಿಗೆ ತಿಂದರೆ ಸರಿಯಾಗಿ ತಿನ್ನಿ, ಒಂದು ತಿಂಗಳಿಗೆ ಲೆಕ್ಕ ಕೇಳಿ

ರಕ್ತಹೀನತೆಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಕಬ್ಬಿಣದ ಕೊರತೆಯೇ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನಿಸುವುದು ಅದರ ಗುರುತುಗಳಲ್ಲಿ ಒಂದು. ಮಗು ಗೋಡೆ ಕೆರೆದು ತಿಂದರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಗುಳಿಗೆಯನ್ನು ಚಹಾದ ಜೊತೆ, ಹಾಲಿನ ಜೊತೆ, ಕ್ಯಾಲ್ಸಿಯಂ ಗುಳಿಗೆಯ ಜೊತೆ ತಿನ್ನಬಾರದು. ನಮ್ಮ ಕಡೆ ಊಟ ಮುಗಿದ ಕೂಡಲೇ ಚಹಾ ಬೇಕು, ಅಲ್ವಾ? ಚಹಾ ಊಟದಲ್ಲಿರುವ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ತಡೆಯಿರಿ. ಗುಳಿಗೆಯ ಜೊತೆ ಲಿಂಬೆ ಶರಬತ್ತು ಕುಡಿಯಿರಿ, ಇಲ್ಲವೇ ಒಂದು ಪೇರಲ ಹಣ್ಣು ತಿನ್ನಿ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ ಒಳ್ಳೆಯ ಊಟವೇ. ಆದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮೇಲೆ ಲಿಂಬೆಹಣ್ಣು ಹಿಂಡಿಕೊಂಡರೆ ಅನುಕೂಲ. ಮಾಂಸ ತಿನ್ನುವವರಿಗೆ ಮಟನ್, ಲಿವರ್‌ನ ಕಬ್ಬಿಣ ಬೇಗ ಹತ್ತುತ್ತದೆ.

ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹೊಟ್ಟೆ ಕಟ್ಟಿಕೊಂಡರೆ, ವಾಕರಿಕೆ ಬಂದರೆ ಬಿಟ್ಟುಬಿಡುವ ಬದಲು ಆಶಾ ಕಾರ್ಯಕರ್ತೆಗೆ ಅಥವಾ ಡಾಕ್ಟರಿಗೆ ಹೇಳಿ. ಊಟದ ನಂತರ ಕೊಡುವುದು, ದಿನ ಬಿಟ್ಟು ದಿನ ಕೊಡುವುದು ಹೀಗೆ ದಾರಿಗಳಿವೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಆಗ ಮಾತ್ರ ಮೈಯೊಳಗಿನ ಕಬ್ಬಿಣದ ಕಣಜ ತುಂಬುತ್ತದೆ.

ಈಗ ಮುಖ್ಯವಾದ ಮಾತು. ಸರಿಯಾಗಿ ಗುಳಿಗೆ ತಿಂದರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದಾದರೂ ಅಂಕ ಏರಬೇಕು. ಏರದಿದ್ದರೆ, ಅಥವಾ ಏರಿ ಮತ್ತೆ ಇಳಿದರೆ, ಇನ್ನೊಂದು ಬಾಟಲಿ ಟಾನಿಕ್ ಬರೆಸಿಕೊಂಡು ಬರಬೇಡಿ. "ಯಾಕೆ ಏರಲಿಲ್ಲ?" ಅಂತ ಕೇಳಿ. ಕಾರಣಗಳು ಬೇಕಾದಷ್ಟಿವೆ. ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇರಬಹುದು. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರಬಹುದು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿರಬಹುದು. ಅದು ಕಬ್ಬಿಣದ ಕೊರತೆ ಅಲ್ಲದೆಯೂ ಇರಬಹುದು. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆಯಾದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು.

ಕಬ್ಬಿಣ ನಿಜವಾಗಿ ಕಡಿಮೆ ಇದೆಯಾ ಅಂತ ತಿಳಿಯಲು ಫೆರಿಟಿನ್ ಪರೀಕ್ಷೆ ಇದೆ. ಜ್ವರ, ಸೋಂಕು ಇದ್ದಾಗ ಅದು ಸುಳ್ಳುಸುಳ್ಳೇ ಏರಿರುತ್ತದೆ. ಆರಾಮಾದ ಮೇಲೆ ಮಾಡಿಸಿ.

ಬಿ12 ಬಗ್ಗೆ ಒಂದೇ ಮಾತು. ಕಾಲು ಜೋಮು ಹಿಡಿಯುವುದು, ನಾಲಿಗೆ ಕೆಂಪಾಗಿ ಉರಿಯುವುದು, ಎಂಸಿವಿ ಜಾಸ್ತಿ ಇರುವುದು ಕಂಡರೆ ಬರೀ ಫೋಲಿಕ್ ಆಮ್ಲ ತಿನ್ನಬೇಡಿ. ಅದರಿಂದ ರಕ್ತ ಏರಬಹುದು, ಆದರೆ ಒಳಗೆ ನರ ಹಾಳಾಗುತ್ತಾ ಹೋಗುತ್ತದೆ.

ಹೆಜ್ಜೆ 4: ಮದುವೆಗೆ ಮೊದಲು ಒಂದು ಎಚ್‌ಪಿಎಲ್‌ಸಿ

ಥಲಸ್ಸೀಮಿಯಾ ಮೈನರ್ ಇರುವವರಿಗೆ ಏನೂ ತೊಂದರೆ ಇರುವುದಿಲ್ಲ. ಹಿಮೋಗ್ಲೋಬಿನ್ ಹತ್ತೋ ಹನ್ನೊಂದೋ ಇರುತ್ತದೆ, ಅಷ್ಟೇ. ಅವರಿಗೆ ಕಬ್ಬಿಣದ ಕೊರತೆ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗದ ಹೊರತು ಕಬ್ಬಿಣದ ಗುಳಿಗೆ ಬೇಕಿಲ್ಲ. ಆದರೆ ಗಂಡ ಹೆಂಡತಿ ಇಬ್ಬರಿಗೂ ಮೈನರ್ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಕಿದ ರಕ್ತದಿಂದ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ. ಅದನ್ನು ಹೊರಹಾಕಲು ಡೆಫೆರಾಸಿರಾಕ್ಸ್‌ನಂಥ ಔಷಧಿಯನ್ನು ದಿನಾ ಕೊಡಬೇಕು. ಇಂಥ ಮಗುವಿಗೆ "ರಕ್ತ ಆಗಲಿ" ಅಂತ ಯಾರಾದರೂ ಕಬ್ಬಿಣದ ಟಾನಿಕ್ ಕೊಟ್ಟರೆ ಅದು ವಿಷ ಕೊಟ್ಟ ಹಾಗೆ.

ಮೈನರ್ ಇದೆಯಾ ಅಂತ ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಹೇಳುತ್ತದೆ. ಅದರಲ್ಲಿ ಎಚ್‌ಬಿಎ2 ಅನ್ನುವ ಸಾಲು ನೋಡಿ. ಶೇ. 3.5ಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮೈನರ್ ಅಂತಲೇ ಅರ್ಥ. ಕಬ್ಬಿಣ ತುಂಬ ಕಡಿಮೆ ಇದ್ದಾಗ ಈ ಸಂಖ್ಯೆ ತಗ್ಗಿ ಮೋಸ ಮಾಡುತ್ತದೆ. ರಕ್ತ ಹಾಕಿಸಿಕೊಂಡ ಮೇಲೆ ಮೂರು ತಿಂಗಳು ಈ ಪರೀಕ್ಷೆ ಮಾಡಿಸಬೇಡಿ. ಕೊಟ್ಟವರ ರಕ್ತವೂ ಅದರಲ್ಲಿ ಬೆರೆತಿರುತ್ತದೆ. ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಹುಟ್ಟು ಕಾಯಿಲೆ) ಇದೆಯಾ ಅನ್ನುವುದೂ ಇದೇ ಪರೀಕ್ಷೆಯಲ್ಲಿ ತಿಳಿಯುತ್ತದೆ.

ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಇನ್ನೂ ಇದೆ. ನಾನು ಯಾರನ್ನೂ ದೂರುತ್ತಿಲ್ಲ. ನನ್ನ ಅವ್ವ ಅಪ್ಪನದೂ ಸಂಬಂಧದಲ್ಲೇ ಆದ ಮದುವೆ. ಆದರೆ ಸಂಬಂಧದೊಳಗೆ ಮದುವೆಯಾದರೆ ಇಬ್ಬರಲ್ಲೂ ಒಂದೇ ದೋಷ ಅಡಗಿ ಕೂತಿರುವ ಸಾಧ್ಯತೆ ಹೆಚ್ಚುತ್ತದೆ. ಥಲಸ್ಸೀಮಿಯಾ, ಸಿಕಲ್ ಸೆಲ್, ಫ್ಯಾಕ್ಟರ್ 13ರ ಕೊರತೆ, ಪ್ಲೇಟ್‌ಲೆಟ್ ಲೆಕ್ಕಕ್ಕೆ ಸರಿ ಇದ್ದರೂ ಕೆಲಸ ಮಾಡದ ಗ್ಲಾನ್ಜ್‌ಮನ್ ಕಾಯಿಲೆ ಎಲ್ಲ ಹೀಗೆ ಬರುವಂಥವು. ಜಾತಕದ ಜೊತೆ ಈ ಒಂದು ವರದಿಯನ್ನೂ ನೋಡಿ. ಮದುವೆ ಆಗಿಹೋಗಿದ್ದರೆ ಬಸಿರಾದ ಕೂಡಲೇ ಡಾಕ್ಟರಿಗೆ ಹೇಳಿ. 10ರಿಂದ 12 ವಾರದ ಹೊತ್ತಿಗೆ ಮಗುವಿನ ಪರೀಕ್ಷೆ ಮಾಡಿಸಬಹುದು. ಐದನೇ ತಿಂಗಳಲ್ಲಿ ಮೊದಲ ಸಲ ಆಸ್ಪತ್ರೆಗೆ ಹೋದರೆ ಆ ಸಮಯ ದಾಟಿರುತ್ತದೆ.

ಹೆಜ್ಜೆ 5: ರಕ್ತ ನಿಲ್ಲದ ಕಾಯಿಲೆಯ ಪರೀಕ್ಷೆ, ನೀಲಿ ಮುಚ್ಚಳದ ಟ್ಯೂಬು

ಹಾಳೆಯಲ್ಲಿ ರಕ್ತ ನಿಲ್ಲದ ಸಂಗತಿ ಎರಡು ಮೂರು ಕಂಡರೆ ಸಿಬಿಸಿಯ ಜೊತೆ, ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಅಂತ ಅಳೆಯುವ ಪಿಟಿ ಮತ್ತು ಎಪಿಟಿಟಿ ಪರೀಕ್ಷೆ ಕೇಳಿ. ಹಿಮೋಫಿಲಿಯಾದಲ್ಲಿ ಪಿಟಿ ಸರಿ ಇರುತ್ತದೆ, ಎಪಿಟಿಟಿ ಉದ್ದವಾಗಿರುತ್ತದೆ. ಆಮೇಲೆ ಫ್ಯಾಕ್ಟರ್ 8, ಫ್ಯಾಕ್ಟರ್ 9 ಎಷ್ಟಿವೆ ಅಂತ ಅಳೆಯುತ್ತಾರೆ. ಎಂಟು ಕಡಿಮೆ ಇದ್ದರೆ ಹಿಮೋಫಿಲಿಯಾ ಎ, ಒಂಬತ್ತು ಕಡಿಮೆ ಇದ್ದರೆ ಹಿಮೋಫಿಲಿಯಾ ಬಿ. ಶೇ. 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ.

ಈ ರಕ್ತವನ್ನು ನೀಲಿ ಮುಚ್ಚಳದ ಟ್ಯೂಬಿನಲ್ಲಿ ತೆಗೆಯುತ್ತಾರೆ. ಅದರಲ್ಲಿ ಸಿಟ್ರೇಟ್ ಅನ್ನುವ ದ್ರವ ಇರುತ್ತದೆ. ಟ್ಯೂಬಿನ ಗೆರೆಯವರೆಗೆ ಸರಿಯಾಗಿ ರಕ್ತ ತುಂಬಬೇಕು. ಕಡಿಮೆ ತುಂಬಿದರೆ ಇಲ್ಲದ ಕಾಯಿಲೆ ಇದೆ ಅಂತ ಬರಬಹುದು. ತೆಗೆದ ಮೇಲೆ ನಾಲ್ಕು ಗಂಟೆಯೊಳಗೆ ಪರೀಕ್ಷೆ ಆಗಬೇಕು, ಇಲ್ಲವೇ ಪ್ಲಾಸ್ಮಾ (ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿ) ಬೇರೆ ಮಾಡಿ ಬರ್ಫದಂತೆ ಗಟ್ಟಿ ಮಾಡಿ ಇಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಸುರಪುರದಲ್ಲೋ ಔರಾದದಲ್ಲೋ ತೆಗೆದ ರಕ್ತ ಬಸ್ಸಿನಲ್ಲಿ ಕೂತು ದೊಡ್ಡ ಊರಿಗೆ ಹೋದರೆ ಫ್ಯಾಕ್ಟರ್ 8 ದಾರಿಯಲ್ಲೇ ಕರಗಿಹೋಗುತ್ತದೆ. ನನ್ನ ತಮ್ಮನ ಮೊದಲ ವರದಿ ಹೀಗೇ ಕೆಟ್ಟು ಎರಡು ಸಲ ಸುತ್ತಿದ್ದೇವೆ. ಆದ್ದರಿಂದ ಸ್ಯಾಂಪಲ್ ಕಳಿಸಬೇಡಿ, ಮಗುವನ್ನೇ ಕರೆದುಕೊಂಡು ಪರೀಕ್ಷೆ ನಡೆಯುವ ಜಾಗಕ್ಕೆ ಹೋಗಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಮೊದಲು ಅಲ್ಲಿ ವಿಚಾರಿಸಿ. ಯಾವ ಪರೀಕ್ಷೆ ಅಲ್ಲೇ ಆಗುತ್ತದೆ, ಯಾವುದಕ್ಕೆ ಹೈದರಾಬಾದ್ ಅಥವಾ ಬೆಂಗಳೂರಿಗೆ ಹೋಗಬೇಕು ಅಂತ ಬರೆಸಿಕೊಳ್ಳಿ.

ಪಿಟಿ, ಎಪಿಟಿಟಿ ಎರಡೂ ಸರಿ ಬಂದರೆ ಎಲ್ಲ ಸರಿ ಅಂತಲ್ಲ. ಹೆಪ್ಪುಗಟ್ಟದ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ಅಂದರೆ ಅದೇ ಹೆಸರಿನ ಫ್ಯಾಕ್ಟರ್ ಕಡಿಮೆ ಇರುವುದು ಅಥವಾ ಸರಿಯಾಗಿ ಕೆಲಸ ಮಾಡದಿರುವುದು. ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಇದರಲ್ಲಿ ಎಪಿಟಿಟಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಜ್ವರ, ಬಸಿರು, ಗಾಬರಿ ಇದ್ದಾಗ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಏರುವುದರಿಂದ ಒಂದು ಸಲ ಸರಿ ಬಂದರೂ ಮತ್ತೆ ಮಾಡಿಸಬೇಕಾಗುತ್ತದೆ. ಹೊಕ್ಕುಳಿನಿಂದ ರಕ್ತ ಬಂದ ಮಗುವಿನ ಎಲ್ಲ ಪರೀಕ್ಷೆಗಳೂ ಸರಿ ಇದ್ದರೆ ಫ್ಯಾಕ್ಟರ್ 13 ನೋಡಿದಿರಾ ಅಂತ ಕೇಳಿ. ಅದು ಪಿಟಿ, ಎಪಿಟಿಟಿಯಲ್ಲಿ ಕಾಣುವುದೇ ಇಲ್ಲ.

ಹೆಜ್ಜೆ 6: ಹಿಮೋಫಿಲಿಯಾ ಅಂತ ಗೊತ್ತಾದ ಮನೆಯಲ್ಲಿ

ಮೊದಲು ಒಂದು ಮಾತು. ತಾಯಿಯನ್ನು ಬೈಯುವುದು ನಿಲ್ಲಿಸಿ. ಹಿಮೋಫಿಲಿಯಾದ ದೋಷ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತದೆ. ವಾಹಕಿಯಾದ, ಅಂದರೆ ಆ ದೋಷ ಹೊತ್ತ, ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ಹಿಮೋಫಿಲಿಯಾ ಇರುವ ಗಂಡಸಿನ ಹೆಣ್ಣುಮಕ್ಕಳೆಲ್ಲ ವಾಹಕಿಯರು, ಗಂಡುಮಕ್ಕಳಿಗೆ ಅವನಿಂದ ಬರುವುದಿಲ್ಲ. ಹಿಮೋಫಿಲಿಯಾ ಇರುವ ಸೋದರಮಾವನಿಗೆ ವಾಹಕಿಯಾದ ಅಕ್ಕನ ಮಗಳನ್ನು ಕೊಟ್ಟರೆ ಹುಟ್ಟುವ ಹೆಣ್ಣುಮಗುವಿಗೂ ಪೂರ್ತಿ ಕಾಯಿಲೆ ಬರಬಹುದು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಲೇಬೇಕು.

ಮೊಣಕಾಲಿನೊಳಗೆ ರಕ್ತ ಬರುವಾಗ ಮಗುವಿಗೇ ಮೊದಲು ಗೊತ್ತಾಗುತ್ತದೆ. ಬಾವು ಕಾಣುವ ಮೊದಲೇ ಒಳಗೆ ಜುಮ್ಮೆನ್ನುತ್ತದೆ, ಬೆಚ್ಚಗಾಗುತ್ತದೆ, ಬಿಗಿಯುತ್ತದೆ. ನನ್ನ ತಮ್ಮ "ಅಕ್ಕಾ, ಒಳಗ ಏನೋ ಹರಿದಾಡಕತ್ತದ" ಅನ್ನುತ್ತಿದ್ದ. ಅವನ ಮಾತು ನಂಬಿ ಆಗಲೇ ಅವನಲ್ಲಿ ಕಡಿಮೆ ಇರುವ ಫ್ಯಾಕ್ಟರನ್ನು ರಕ್ತನಾಳಕ್ಕೆ ಹಾಕಿಸಿದ ದಿನಗಳಲ್ಲಿ ಎರಡೇ ದಿನಕ್ಕೆ ಶಾಲೆಗೆ ಹೋದ. "ನಾಳೆ ನೋಡೋಣ" ಅಂದ ದಿನಗಳಲ್ಲಿ ಮೂರು ವಾರ ಹಾಸಿಗೆ ಹಿಡಿದ. ಅವನ ಬಲ ಮೊಣಕಾಲು ಇವತ್ತಿಗೂ ಪೂರ್ತಿ ಚಾಚುವುದಿಲ್ಲ.

ಫ್ಯಾಕ್ಟರ್ ಹಾಕಿಸುವವರೆಗೆ ಕಾಲು ಅಲ್ಲಾಡಿಸದೆ ಇರಲಿ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ. ಹದವಾಗಿ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿ ಇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ಬಿಸಿ ಶಾಖ ಕೊಡಬೇಡಿ. ಎಲುಬು ಕೂಡಿಸುವವರ ಹತ್ತಿರ ಒಯ್ದು ಎಳೆಸಬೇಡಿ. ಶರಣಬಸವೇಶ್ವರ ಗುಡಿಗೂ ಬಂದೇ ನವಾಜ್ ದರ್ಗಾಕ್ಕೂ ನಾವು ಹರಕೆ ಹೊತ್ತಿದ್ದೇವೆ. ಹರಕೆ ತೀರಿಸಲು ಫ್ಯಾಕ್ಟರ್ ಹಾಕಿಸಿದ ಮೇಲೆ ಹೋಗಿ.

ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಇವು ಪ್ಲೇಟ್‌ಲೆಟ್‌ನ ಕೆಲಸ ಕೆಡಿಸಿ ರಕ್ತವನ್ನು ಇನ್ನೂ ಹರಿಸುತ್ತವೆ. ಮೆಡಿಕಲ್ ಅಂಗಡಿಯಲ್ಲಿ "ನೋವಿನ ಗುಳಿಗೆ ಕೊಡ್ರಿ" ಅಂತಷ್ಟೇ ಕೇಳಿದರೆ ಸಿಗುವುದು ಹೆಚ್ಚಾಗಿ ಇವೇ. ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕಿಸಬೇಡಿ. ಒಂದು ಕ್ಲಿನಿಕ್ಕಿನಲ್ಲಿ ನನ್ನ ತಮ್ಮನ ಕುಂಡಿಗೆ ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿದರು. ರಾತ್ರಿಯಾಗುವಷ್ಟರಲ್ಲಿ ತೊಡೆಯವರೆಗೆ ಕಲ್ಲಿನಂತೆ ಊದಿತು. ನಾವು ಬಾಯಿಬಿಟ್ಟು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಈಗ ಎಲ್ಲೇ ಹೋದರೂ ನಮ್ಮ ಮೊದಲ ಮಾತು "ಇವನಿಗೆ ಹಿಮೋಫಿಲಿಯಾ ಅದ". ಹಾಗಂತ ಲಸಿಕೆ ಬಿಡಬೇಡಿ. ಸಣ್ಣ ಸೂಜಿಯಿಂದ ಚರ್ಮದ ಕೆಳಗೆ ಹಾಕಿ, ಆಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುವ ಕ್ರಮ ಇದೆ. ಡಾಕ್ಟರನ್ನು ಕೇಳಿ.

ಹಲ್ಲು ಕೀಳಿಸುವುದು, ಖತ್ನಾ, ಯಾವುದೇ ಆಪರೇಷನ್ ಇದ್ದರೂ ಮೊದಲೇ ಫ್ಯಾಕ್ಟರ್ ವ್ಯವಸ್ಥೆ ಆಗಬೇಕು. ಮನೆಯಲ್ಲಿ ಒಬ್ಬ ಮಗನಿಗೆ ಕಾಯಿಲೆ ಇದ್ದರೆ ಇನ್ನೊಬ್ಬನಿಗೆ ಪರೀಕ್ಷೆ ಆಗುವವರೆಗೆ ಖತ್ನಾ ಮುಂದೂಡಿ. ಬಾಯಿ, ಮೂಗಿನ ರಕ್ತಕ್ಕೆ, ರಕ್ತ ಸೋರುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ ಒಳ್ಳೆಯ ಕೆಲಸ ಮಾಡುತ್ತದೆ. ಮೂತ್ರದಲ್ಲಿ ರಕ್ತ ಇದ್ದಾಗ ಮಾತ್ರ ಅದನ್ನು ತಿನ್ನಬಾರದು.

ಮಗುವಿನ ತೂಕ ಸದಾ ಗೊತ್ತಿರಲಿ. ಫ್ಯಾಕ್ಟರ್ 8 ಅನ್ನು ಕಿಲೋಗೆ ಒಂದು ಯೂನಿಟ್ ಹಾಕಿದರೆ ಮೈಯಲ್ಲಿ ಅದು ಶೇ. 2 ಏರುತ್ತದೆ. 20 ಕಿಲೋ ತೂಕದ ತೀವ್ರ ಹಿಮೋಫಿಲಿಯಾ ಎ ಮಗುವಿಗೆ ಶೇ. 40ಕ್ಕೆ ಏರಿಸಬೇಕಾದರೆ 400 ಯೂನಿಟ್ ಬೇಕು. ಎಷ್ಟಕ್ಕೆ ಏರಿಸಬೇಕು ಅನ್ನುವುದು ಡಾಕ್ಟರ ತೀರ್ಮಾನ. ಆದರೆ ಲೆಕ್ಕ ತಿಳಿದಿದ್ದರೆ ಎಷ್ಟು ವಯಲ್ (ಔಷಧಿಯ ಸಣ್ಣ ಶೀಷೆ) ಬೇಕು ಅಂತ ನೀವೂ ಕೇಳಬಹುದು. ಮನೆಯಲ್ಲಿ ಇಡುವ ವಯಲ್‌ಗಳನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಿ, ಬರ್ಫ ಕಟ್ಟುವ ಖಾನೆಯಲ್ಲಿ ಬೇಡ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕರೆಂಟ್ ಹೋಗುತ್ತದೆ. ಐಸ್ ಪ್ಯಾಕ್ ಇರುವ ಡಬ್ಬಿ ಒಂದು ಮನೆಯಲ್ಲಿ ಇರಲಿ.

ಫ್ಯಾಕ್ಟರ್ ಎಲ್ಲೂ ಸಿಗದಿದ್ದರೆ ಹಿಮೋಫಿಲಿಯಾ ಎಗೆ ರಕ್ತನಿಧಿಯ ಕ್ರಯೋಪ್ರೆಸಿಪಿಟೇಟ್ (ಪ್ಲಾಸ್ಮಾದಿಂದ ಬೇರ್ಪಡಿಸಿದ ಒಂದು ಭಾಗ) ನಡೆಯುತ್ತದೆ. ಹಿಮೋಫಿಲಿಯಾ ಬಿಗೆ ಅದರಲ್ಲಿ ಏನೂ ಇಲ್ಲ, ಪ್ಲಾಸ್ಮಾ ಹಾಕಬೇಕು. ಆದ್ದರಿಂದಲೇ "ಎ"ನಾ "ಬಿ"ನಾ ಅನ್ನುವುದು ಬಾಯಿಪಾಠ ಇರಲಿ.

ಕೂಡಲೇ ಓಡಬೇಕಾದ ಹೊತ್ತು

ತಲೆಗೆ ಪೆಟ್ಟು ಬಿದ್ದರೆ ಕಾಯಬೇಡಿ. ಮಗು ಆಡಿಕೊಂಡಿದ್ದರೂ ಕಾಯಬೇಡಿ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಸ್ಕ್ಯಾನಿನ ಸರದಿಯಲ್ಲಿ ನಿಂತು ಫ್ಯಾಕ್ಟರ್ ತಡ ಮಾಡಿದರೆ ಜೀವಕ್ಕೇ ಅಪಾಯ. ಇದನ್ನು ನೀವೇ ಗಟ್ಟಿಯಾಗಿ ಹೇಳಬೇಕಾಗಬಹುದು. ಗಂಟಲು, ಕುತ್ತಿಗೆ ಊದುವುದು, ರಕ್ತ ವಾಂತಿ, ತೀವ್ರ ಹೊಟ್ಟೆನೋವು, ತೊಡೆಸಂದಿನಲ್ಲಿ ನೋವಾಗಿ ಕಾಲು ಚಾಚಲಾಗದಿರುವುದು ಇವೂ ಅಷ್ಟೇ ತುರ್ತು. 108ಕ್ಕೆ ಕರೆ ಮಾಡಿ, ಮನೆಯಲ್ಲಿ ವಯಲ್ ಇದ್ದರೆ ಜೊತೆಗೆ ಒಯ್ಯಿರಿ.

ಹೆಜ್ಜೆ 7: ಮನೆಯ ಹೆಣ್ಣುಮಕ್ಕಳನ್ನು ಮರೆಯಬೇಡಿ

ಹಿಮೋಫಿಲಿಯಾ ಗಂಡುಮಕ್ಕಳ ಕಾಯಿಲೆ, ಹೆಂಗಸರು ಬರೀ ವಾಹಕಿಯರು ಅಂತ ಹೇಳುತ್ತಾ ಬಂದಿದ್ದಾರೆ. ನನ್ನಂಥ ಎಷ್ಟೋ ವಾಹಕಿಯರ ಸ್ವಂತ ಫ್ಯಾಕ್ಟರ್ ಕಡಿಮೆ ಇರುತ್ತದೆ. 2021ರಿಂದ ಅಂತರರಾಷ್ಟ್ರೀಯ ತಜ್ಞರು ಶೇ. 40ಕ್ಕಿಂತ ಕಡಿಮೆ ಇರುವ ಹೆಂಗಸರನ್ನೂ ಹಿಮೋಫಿಲಿಯಾ ಇರುವವರು ಅಂತಲೇ ಕರೆಯಲು ಹೇಳಿದ್ದಾರೆ. ಈ ಮಾತು ಓದಿದ ದಿನ ನನಗೆ ಅಳು ಬಂತು. ನನ್ನ ಸುಸ್ತು ನನ್ನ ಸೋಮಾರಿತನ ಆಗಿರಲಿಲ್ಲ.

ಅಣ್ಣನಿಗೋ ತಮ್ಮನಿಗೋ ಕಾಯಿಲೆ ಇದ್ದರೆ ಅಕ್ಕತಂಗಿಯರ, ತಾಯಿಯ, ಚಿಕ್ಕಮ್ಮಂದಿರ ಫ್ಯಾಕ್ಟರ್ ಮಟ್ಟವನ್ನು ಒಮ್ಮೆ ಅಳೆಸಿ. ಮೈನೆರೆಯುವ ಮೊದಲೇ ಆದರೆ ಒಳ್ಳೆಯದು. ಮೊದಲ ಮುಟ್ಟಿನಲ್ಲೇ ಆಸ್ಪತ್ರೆ ಸೇರುವ ಹುಡುಗಿಯರಿದ್ದಾರೆ. ಜಾಸ್ತಿ ಮುಟ್ಟಿಗೆ ಟ್ರಾನೆಕ್ಸಾಮಿಕ್ ಆಮ್ಲ, ಹಾರ್ಮೋನ್ ಗುಳಿಗೆ ಇವೆ. ಜೊತೆಗೆ ಕಬ್ಬಿಣವೂ ಬೇಕು. ನನಗೆ ಕಬ್ಬಿಣ ಕೊಟ್ಟದ್ದು ತಪ್ಪಾಗಿರಲಿಲ್ಲ. ಸೋರುವ ಕೊಡವನ್ನು ಮುಚ್ಚದೆ ನೀರು ತುಂಬಿದಂತೆ ಆಗಿತ್ತು. ಮುಟ್ಟಿಗೆ ಚಿಕಿತ್ಸೆ ಶುರುವಾಗಿ ಆರು ತಿಂಗಳಿಗೆ ನನ್ನ ಹಿಮೋಗ್ಲೋಬಿನ್ 12.2 ಆಯಿತು.

ವಾಹಕಿ ಬಸಿರಾದರೆ ಮೊದಲ ತಪಾಸಣೆಯಲ್ಲೇ ಹೇಳಬೇಕು. ಬಸಿರಿನಲ್ಲಿ ಫ್ಯಾಕ್ಟರ್ 8 ತಾನಾಗಿ ಏರುತ್ತದೆ, ಫ್ಯಾಕ್ಟರ್ 9 ಹಾಗೆ ಏರುವುದಿಲ್ಲ. ಹೆರಿಗೆಯ ನಂತರ ಏರಿದ್ದು ಮತ್ತೆ ಇಳಿಯುತ್ತದೆ. ಬಾಣಂತಿಗೆ ಎರಡನೇ ವಾರದಲ್ಲಿ, ತವರಿನಲ್ಲಿದ್ದಾಗ, ರಕ್ತ ಜಾಸ್ತಿ ಹೋಗಲು ಶುರುವಾದರೆ "ಬಾಣಂತನದಾಗ ಹಂಗೇ" ಅಂತ ಸುಮ್ನೆ ಕೂರಬೇಡಿ. ಹೆರಿಗೆಯಲ್ಲಿ ಮಗುವನ್ನು ವ್ಯಾಕ್ಯೂಮ್ ಹಾಕಿ ಎಳೆಯಬಾರದು ಅಂತ ಮೊದಲೇ ಕೇಸ್ ಪೇಪರಿನಲ್ಲಿ ಬರೆಸಿ. ಗಂಡುಮಗುವಾದರೆ ಹೊಕ್ಕುಳ ಬಳ್ಳಿಯ ರಕ್ತದಲ್ಲೇ ಪರೀಕ್ಷೆ ಮಾಡಿಸಬಹುದು.

ಹೆಜ್ಜೆ 8: ಕಾರ್ಡು, ಕಾಗದ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರೂ ಇವೆ. ವರದಿ, ಆಧಾರ್, ಫೋಟೋ ಇಟ್ಟು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಆಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಕರೆಯುತ್ತದೆ. ಕಾರ್ಡು ಬಂದರೆ ನೌಕರಿ ಮೀಸಲಾತಿ ಸಿಗುತ್ತದೆ ಅಂತ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಆ ಕಾಯ್ದೆಯ ನೌಕರಿ ಮೀಸಲಾತಿಯ ಕಲಮಿನಲ್ಲಿ ರಕ್ತದ ಕಾಯಿಲೆ ಮಾತ್ರ ಇದ್ದವರಿಗೆ ಜಾಗವಿಲ್ಲ. ಈ ಮೂರೂ ಕಾಯಿಲೆಯವರಿಗೆ ಸರ್ಕಾರಿ ರಕ್ತನಿಧಿಯಲ್ಲಿ ರಕ್ತ ಉಚಿತ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಹೊಸದಾಗಿ ಗೊತ್ತಾದ ಮನೆಯವರು ಅವರನ್ನು ಸಂಪರ್ಕಿಸಿ.

ಕೊನೆಗೆ ಒಂದು ಸಣ್ಣ ಚೀಟಿ. ಹೆಸರು, ರಕ್ತದ ಗುಂಪು, ಕಾಯಿಲೆಯ ಹೆಸರು, ಎ ಅಥವಾ ಬಿ, ಫ್ಯಾಕ್ಟರ್ ಎಷ್ಟು ಶೇಕಡಾ, ತೂಕ, ಯಾವ ಔಷಧಿ ಕೊಡಬಾರದು, ಯಾರಿಗೆ ಫೋನ್ ಮಾಡಬೇಕು ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಪ್ಲಾಸ್ಟಿಕ್ ಹಾಕಿಸಿ. ಒಂದು ಪ್ರತಿ ಶಾಲೆಯ ಚೀಲದಲ್ಲಿ ಇರಲಿ, ಒಂದನ್ನು ಮೇಷ್ಟ್ರ ಕೈಗೆ ಕೊಡಿ, ಒಂದನ್ನು ಫೋನಿನ ಕವರಿನ ಹಿಂದೆ ಇಡಿ. ನಮ್ಮ ಮನೆಯಲ್ಲಿ ಇಂಥ ಚೀಟಿ ಎರಡಿವೆ. ಒಂದು ತಮ್ಮನದು, ಇನ್ನೊಂದು ನನ್ನದು.